ಗಣಿ ಮುಚ್ಚಿದರು, ಗುಂಡಿ ಮುಚ್ಚಲಿಲ್ಲ

ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಆ ವರ್ಷ ಹುಟ್ಟಿದ ಮಕ್ಕಳು ಇವತ್ತು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಾರೆ. ಇಷ್ಟು ವರ್ಷ ಆದ ಮೇಲೂ ಹಾಸ್ಟೆಲ್ಲುಗಳಲ್ಲಿ, ಕಾಲೇಜುಗಳಲ್ಲಿ ಕೆ.ಜಿ.ಎಫ್. ಮಾತು ಬಂದರೆ ಒಂದೇ ಉತ್ತರ ಸಿಗುತ್ತದೆ: ‘ಚಿನ್ನ ಮುಗೀತು, ಗಣಿ ಮುಚ್ಚಿದ್ರು. ಅದರಲ್ಲಿ ಜಾತಿ ಎಲ್ಲಿಂದ ಬಂತು?’

ಈ ಪ್ರಶ್ನೆಯನ್ನು ನಮ್ಮ ಮೇಷ್ಟ್ರುಗಳು ಕೇಳುತ್ತಾರೆ, ಪೇಪರಿನವರು ಕೇಳುತ್ತಾರೆ, ನಮ್ಮ ಪಕ್ಕದ ಮಂಚದಲ್ಲಿ ಮಲಗುವ ಹುಡುಗನೂ ಕೇಳುತ್ತಾನೆ. ಕೇಳಲಿ. ಉತ್ತರ ಕೊಡೋಣ.

ಯಾರು ಅಗೆದರು?

ಪಠ್ಯಪುಸ್ತಕ ಏನು ಹೇಳುತ್ತದೆ? ಲಾವೆಲ್ ಎಂಬ ಬಿಳಿಯ ಸಿಪಾಯಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಚಿನ್ನ ಹುಡುಕುವ ಪರವಾನಗಿ ತಗೊಂಡ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೇ ಕರೆಂಟು ಬಂದದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮುಂಚೆ ಕೆ.ಜಿ.ಎಫ್. ಬೆಳಗಿತು. ಇಷ್ಟನ್ನು ನಾವು ಪರೀಕ್ಷೆಯಲ್ಲಿ ಬರೆದಿದ್ದೇವೆ, ಅಂಕ ತಗೊಂಡಿದ್ದೇವೆ.

ಬೆಳಗಿದ್ದು ಏನು ಅಂತ ಯಾರೂ ಕೇಳಲಿಲ್ಲ. ಆ ಕರೆಂಟು ಮೊದಲು ಓಡಿಸಿದ್ದು ಗಣಿಯ ಯಂತ್ರಗಳನ್ನು. ಆ ಯಂತ್ರಗಳ ಕೆಳಗೆ, ಭೂಮಿಯ ಹೊಟ್ಟೆಯಲ್ಲಿ, ಬೆವರಲ್ಲಿ ತೊಯ್ದು ಕಲ್ಲು ಒಡೆದವರು ಯಾರು? ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸೇಲಂ ಸೀಮೆಯಿಂದ, ನಮ್ಮ ಕೋಲಾರದ ಸುತ್ತಮುತ್ತಲ ಹಳ್ಳಿಗಳಿಂದ ಬಂದ ಹೊಲಗೇರಿ ಮಾದಿಗರಕೇರಿಯ ಜನ. ಬಹುಪಾಲು ಆದಿದ್ರಾವಿಡರು. ಮೇಲೆ ಬಂಗಲೆಯಲ್ಲಿ ಬಿಳಿಯರು. ಅವರ ಕೆಳಗೆ ಆಂಗ್ಲೋ ಇಂಡಿಯನ್ನರು. ಕಾವಲಿಗೆ ಪಂಜಾಬಿನವರು. ಎಲ್ಲರಿಗಿಂತ ಕೆಳಗೆ, ನಿಜವಾಗಿಯೂ ನೆಲದ ಕೆಳಗೆ, ನಮ್ಮವರು. ಊರ ಹೊರಗೆ ಇಟ್ಟಿದ್ದ ಜನರನ್ನು ಭೂಮಿಯ ಒಳಗೆ ಇಳಿಸಿದರು. ಜಾತಿ ಎಲ್ಲಿಂದ ಬಂತು ಅಂತ ಕೇಳುವವರು ಗಣಿಯ ಮೆಟ್ಟಿಲನ್ನು ಒಂದೊಂದಾಗಿ ಎಣಿಸಲಿ.

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಅಲ್ಲಿ ಬಂಡೆ ಕೈ ಇಡಲಾಗದಷ್ಟು ಬಿಸಿ. ಒತ್ತಡ ತಾಳಲಾರದೆ ಬಂಡೆ ತಾನಾಗಿ ಸಿಡಿಯುತ್ತದೆ. ಸಿಡಿದರೆ ಪಾಳಿಗೆ ಹೋದವರು ಹೆಣವಾಗಿ ಮೇಲೆ ಬರಬೇಕು, ಕೆಲವು ಸಲ ಹೆಣವೂ ಬರುವುದಿಲ್ಲ. ಬದುಕಿ ಬಂದವನ ಎದೆಯೊಳಗೆ ಕಲ್ಲಿನ ಪುಡಿ. ಇದಕ್ಕೆ ಡಾಕ್ಟರುಗಳು ಸಿಲಿಕೋಸಿಸ್ ಅಂತ ಹೆಸರಿಟ್ಟರು. ಇಂಡಿಯಾದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದೇ 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. 1940ರ ದಶಕದಲ್ಲಿ 7,653 ಗಣಿ ಕೆಲಸಗಾರರನ್ನು ತಪಾಸಣೆ ಮಾಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಎದೆಗೂಡಲ್ಲಿ ಈ ಕಾಯಿಲೆ ಸಿಕ್ಕಿತು.

ನೂರಿಪ್ಪತ್ತು ವರ್ಷದಲ್ಲಿ ಆ ನೆಲದಿಂದ ಮೇಲೆ ಬಂದ ಚಿನ್ನ ಸುಮಾರು 800 ಟನ್. ಲಂಡನ್ನಿನ ಪಾಲುದಾರರು ತಿಂದರು. ಮೈಸೂರು ಅರಸರ ಖಜಾನೆಗೆ ರಾಯಧನ ಹರಿಯಿತು. ‘ಮಾದರಿ ಮೈಸೂರು’ ಅಂತ ಕೊಂಡಾಡುತ್ತಾರಲ್ಲ, ಆ ಮಾದರಿಯ ಖರ್ಚಿನಲ್ಲಿ ನಮ್ಮವರ ಶ್ವಾಸಕೋಶವೂ ಸೇರಿದೆ. ಅದನ್ನು ಬರೆದ ಚರಿತ್ರೆಕಾರರು ಎಷ್ಟು ಜನ?

ಹಳ್ಳಿಗೆ ಹೋಗಿ ಅಂದರೆ ಕೇರಿಗೆ ಹೋಗಿ

ಇಷ್ಟು ಹೇಳಿದ ಮೇಲೆ ಒಬ್ಬ ಬುದ್ಧಿವಂತ ಎದ್ದು ನಿಲ್ಲುತ್ತಾನೆ. ‘ಹಾಗಾದರೆ ಗಣಿ ಮುಚ್ಚಿದ್ದು ಒಳ್ಳೇದೇ ಆಯ್ತಲ್ಲ? ಸಾಯೋದು ತಪ್ಪಿತಲ್ಲ?’

ಇದು ಹೊಟ್ಟೆ ತುಂಬಿದವನ ಕನಿಕರ. ನಮ್ಮ ಜನ ಸಾವು ಗೊತ್ತಿದ್ದೇ ಗಣಿಗೆ ಬಂದರು. ಯಾಕೆ ಬಂದರು? ಹಳ್ಳಿಯಲ್ಲಿ ಅವರಿಗಿದ್ದದ್ದು ಜೀತ. ಗೌಡನ ಹಟ್ಟಿಯ ಸಗಣಿ. ವರ್ಷಕ್ಕಿಷ್ಟು ರಾಗಿ, ಮದುವೆಗೆ ಸಾಲ, ಸಾಲಕ್ಕೆ ಮಗ. ಬಾವಿ ಮುಟ್ಟುವ ಹಾಗಿಲ್ಲ, ಚಪ್ಪಲಿ ಹಾಕುವ ಹಾಗಿಲ್ಲ. ಗಣಿಯಲ್ಲಿ ಕಲ್ಲು ಸಿಡಿಯುತ್ತಿತ್ತು ನಿಜ. ಆದರೆ ವಾರಕ್ಕೋ ತಿಂಗಳಿಗೋ ಕೈಗೆ ಕಾಸು ಬರುತ್ತಿತ್ತು. ಕಾಸಿಗೆ ಜಾತಿ ಇರಲಿಲ್ಲ. ಹತ್ತಡಿ ಹತ್ತಡಿಯ ಲೈನ್ ಮನೆ ಕೋಳಿಗೂಡಿನಂತೆ ಇತ್ತು ನಿಜ. ಆದರೆ ಅದರ ಮುಂದೆ ಗೌಡ ಬಂದು ‘ಏನ್ಲಾ’ ಅನ್ನುತ್ತಿರಲಿಲ್ಲ.

ಆ ಕಾಸಿನಿಂದ ನಮ್ಮವರು ಏನು ಮಾಡಿದರು ನೋಡಿ. 20ನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಕಟ್ಟಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡದ್ದು 1956ರಲ್ಲಿ; ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ ನಮ್ಮ ಗಣಿ ಕೂಲಿಗಳು ಬುದ್ಧನ ಹೆಸರು ಹೇಳುತ್ತಿದ್ದರು. 1930ರಲ್ಲಿ, ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಅಂತ ಕಂಪನಿ ಹೊಸ ಕಟ್ಟಳೆ ತಂದಾಗ, ‘ನಾವೇನು ಕಳ್ಳರಾ?’ ಅಂತ ಸಾವಿರಾರು ಜನ ಹಾರೆ ಕೆಳಗಿಟ್ಟು ಎರಡು ವಾರಕ್ಕೂ ಮೀರಿ ಮುಷ್ಕರ ಹೂಡಿದರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಎದೆ ಕೊಟ್ಟರು. 1954ರಲ್ಲಿ ಬಾಬಾಸಾಹೇಬರೇ ಈ ಊರಿಗೆ ಬಂದರು. ಆಮೇಲೆ ರಿಪಬ್ಲಿಕನ್ ಪಕ್ಷದವರನ್ನು ವಿಧಾನಸಭೆಗೆ ಗೆಲ್ಲಿಸಿ ಕಳಿಸಿದ ಊರು ಇದು. ಹಳ್ಳಿಯ ಕೇರಿಯಲ್ಲಿ ತಲೆ ಎತ್ತಲಾಗದವರು ಗಣಿಯ ಲೈನಿನಲ್ಲಿ ತಲೆ ಎತ್ತಿದರು. ಅವರ ಮಕ್ಕಳು ಸ್ಕೂಲು ಕಂಡರು, ಫುಟ್‌ಬಾಲು ಆಡಿದರು, ಬ್ಯಾಂಡು ಬಾರಿಸಿದರು, ಇಂಗ್ಲಿಷು ಕಲಿತರು.

ಈಗ ಹೇಳಿ. ಕಾರ್ಖಾನೆ ಮುಚ್ಚಿದರೆ ಎಲ್ಲ ಕಾರ್ಮಿಕರಿಗೂ ಒಂದೇ ಪೆಟ್ಟು ಅನ್ನುತ್ತಾರಲ್ಲ, ಹೌದೇ? ಮೇಲುಜಾತಿಯ ಕಾರ್ಮಿಕನಿಗೆ ಕೆಲಸ ಹೋದರೆ ಊರಲ್ಲಿ ಎರಡೆಕರೆ ಇದೆ, ಅಣ್ಣನ ಅಂಗಡಿ ಇದೆ, ಸೋದರಮಾವನ ಆಫೀಸು ಇದೆ. ಅವನಿಗೂ ಕಷ್ಟವೇ, ಅವನ ಕಣ್ಣೀರೂ ಉಪ್ಪೇ, ಅಲ್ಲ ಅನ್ನುವುದಿಲ್ಲ. ಆದರೆ ನಮ್ಮವನಿಗೆ ಹಿಂದೆ ಏನಿದೆ? ಕೇರಿ ಇದೆ. ಅಲ್ಲಿ ಅವನ ತಾತ ಬಿಟ್ಟು ಬಂದ ಜೀತ ಇದೆ. ಜೀತವನ್ನು 1976ರ ಕಾನೂನು ರದ್ದು ಮಾಡಿದೆ ಅಂತೀರಾ? ಕಾನೂನು ರದ್ದು ಮಾಡಿತು, ಭೂಮಿ ಯಾರೂ ಕೊಡಲಿಲ್ಲ. ಗಣಿ ಮುಚ್ಚುವ ದಿನ ‘ಬೇರೆ ಏನಾದರೂ ಮಾಡಿಕೊಳ್ಳಿ’ ಅಂದ ಸರ್ಕಾರ, ಮೂರು ತಲೆಮಾರು ಹತ್ತಿದ ಏಣಿಯನ್ನು ಕಾಲ ಕೆಳಗಿಂದ ಎಳೆಯಿತು. ಇಲ್ಲಿಂದ ಬಂತು ಜಾತಿ.

ನಷ್ಟ ಅಂದರೆ ಯಾರ ನಷ್ಟ?

ಇನ್ನು ‘ಚಿನ್ನ ಮುಗೀತು, ನಷ್ಟ ಆಯ್ತು’ ಅನ್ನುವ ಮಾತಿಗೆ ಬರೋಣ. ಇದರಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನು ಮೊದಲು ಒಪ್ಪೋಣ. ಮೇಲಿನ ಒಳ್ಳೆಯ ಅದಿರನ್ನು ಬಿಳಿಯರು ಮೊದಲೇ ಬಾಚಿಕೊಂಡರು. ಆಳಕ್ಕೆ ಹೋದ ಹಾಗೆ ಒಂದು ಟನ್ ಕಲ್ಲಿನಲ್ಲಿ ಸಿಗುವ ಚಿನ್ನ ಕಡಿಮೆಯಾಗುತ್ತ ಬಂತು, ಕೊನೆಗೆ ಕೆಲವೇ ಗ್ರಾಂಗೆ ಇಳಿಯಿತು. ಆಳದಿಂದ ಕಲ್ಲೆತ್ತುವ, ನೀರೆತ್ತುವ, ಗಾಳಿ ಇಳಿಸುವ ಖರ್ಚು ಏರುತ್ತ ಹೋಯಿತು. ಇದು ಸುಳ್ಳಲ್ಲ.

ಇನ್ನರ್ಧ ಕೇಳಿ. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಶಕ್ಕೆ ತಗೊಂಡಿತು. 1962ರಲ್ಲಿ ಅದು ಕೇಂದ್ರ ಸರ್ಕಾರಕ್ಕೆ, ಹಣಕಾಸು ಇಲಾಖೆಗೆ ಹೋಯಿತು. ಹಣಕಾಸು ಇಲಾಖೆಗೆ ಯಾಕೆ? ದೇಶಕ್ಕೆ ವಿದೇಶಿ ವಿನಿಮಯದ ಬರ, ಆ ಬರಕ್ಕೆ ಚಿನ್ನ ಬೇಕಿತ್ತು. ಗಣಿ ತನ್ನ ಚಿನ್ನವನ್ನು ಸರ್ಕಾರಕ್ಕೆ ಕೊಡಬೇಕಾದದ್ದು ಅಂತರರಾಷ್ಟ್ರೀಯ ಅಧಿಕೃತ ಬೆಲೆಗೆ. 1971ರ ತನಕ ಆ ಬೆಲೆ ಔನ್ಸಿಗೆ 35 ಡಾಲರ್. ಅದೇ ಕಾಲಕ್ಕೆ ಬೆಂಗಳೂರಿನ ಚಿನಿವಾರಪೇಟೆಯಲ್ಲಿ ಚಿನ್ನದ ಬೆಲೆ ಅದಕ್ಕಿಂತ ಎಷ್ಟೋ ಮೇಲೆ. ಅಂದರೆ ಏನಾಯಿತು? ರೈತನ ರಾಗಿಯನ್ನು ಅರ್ಧ ಬೆಲೆಗೆ ಕಿತ್ತುಕೊಂಡು, ಆಮೇಲೆ ‘ನಿನ್ನ ಬೇಸಾಯ ನಷ್ಟದ್ದು’ ಅಂತ ಬೈದ ಹಾಗೆ. ದೇಶದ ಕಷ್ಟಕ್ಕೆ ಕೊಟ್ಟದ್ದನ್ನು ಗಣಿಯ ನಷ್ಟದ ಪುಸ್ತಕದಲ್ಲಿ ಬರೆದರು. ದೇಶದ ಲಾಭದ ಪುಸ್ತಕದಲ್ಲಿ ನಮ್ಮವರ ಹೆಸರು ಬರೆಯಲಿಲ್ಲ.

1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಆಯಿತು. 1991ರಲ್ಲಿ ಹೊಸ ಆರ್ಥಿಕ ನೀತಿ ಬಂತು. ಅದೇ ವರ್ಷ ಕಾನೂನು ತಿದ್ದಿ ಸರ್ಕಾರಿ ಕಂಪನಿಗಳನ್ನೂ ಬಿ.ಐ.ಎಫ್.ಆರ್. ಎಂಬ ಮಂಡಳಿಯ ಕೈಗೆ ಕೊಟ್ಟರು. ರೋಗ ಬಿದ್ದ ಕೈಗಾರಿಕೆಗೆ ಮದ್ದು ಕೊಡಬೇಕಾದ ಮಂಡಳಿ ಅದು. 1992ರಲ್ಲಿ ನಮ್ಮ ಗಣಿ ಅಲ್ಲಿಗೆ ಹೋಯಿತು. ಎಂಟು ವರ್ಷ ಕಡತ ಮೇಜಿಂದ ಮೇಜಿಗೆ ನಡೆಯಿತು. 2000ದಲ್ಲಿ ಮದ್ದು ಬರೆದುಕೊಟ್ಟರು: ಮುಚ್ಚಿ. ರೋಗಿಗೆ ಔಷಧಿ ಕೊಡದೆ ಮಸಣಕ್ಕೆ ಚೀಟಿ ಬರೆಯುವ ಡಾಕ್ಟರನ್ನು ಎಲ್ಲಾದರೂ ಕಂಡಿದ್ದೀರಾ?

ಮುಚ್ಚಿದ ಕಾಲ ಎಂಥದ್ದು ಅಂತಲೂ ತಿಳಿದಿರಲಿ. 2001ರ ಆರಂಭದಲ್ಲಿ ಚಿನ್ನದ ಬೆಲೆ ಔನ್ಸಿಗೆ 270 ಡಾಲರಿನ ಆಸುಪಾಸು, ಇಪ್ಪತ್ತು ವರ್ಷಗಳಲ್ಲೇ ಅತಿ ಕೆಳಗೆ ಇಳಿದಿದ್ದ ಕಾಲ. ಹತ್ತೇ ವರ್ಷದಲ್ಲಿ, 2011ಕ್ಕೆ, ಅದು 1,800 ಡಾಲರ್ ದಾಟಿತು. ನಾಳಿನ ಬೆಲೆ ಯಾರಿಗೂ ಗೊತ್ತಿರಲಿಲ್ಲ, ಒಪ್ಪೋಣ. ಆದರೆ ಪಂಪು ನಿಲ್ಲಿಸಿದರೆ ಗಣಿಗೆ ನೀರು ತುಂಬುತ್ತದೆ, ತುಂಬಿದ ಮೇಲೆ ಮತ್ತೆ ತೆರೆಯುವುದು ಬಲು ಕಷ್ಟ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ನಿಲ್ಲಿಸಿದರು. ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸಗಾರರನ್ನು ಒಂದೇ ಸಲಕ್ಕೆ ಮನೆಗೆ ಕಳಿಸಿದರು. 20ನೇ ಶತಮಾನದ ಆರಂಭದಲ್ಲಿ 30,000 ಜನರಿಗೆ ಕೆಲಸ ಕೊಟ್ಟಿದ್ದ ಜಾಗ ಅದು.

ಆಗಿನ ಕೈಗಾರಿಕಾ ವಿವಾದ ಕಾಯಿದೆಯ ಲೆಕ್ಕ ಗೊತ್ತಾ ನಿಮಗೆ? ಕಾರ್ಖಾನೆ ಮುಚ್ಚಲು ಅನುಮತಿ ಸಿಕ್ಕಿದರೆ ಒಂದು ವರ್ಷದ ದುಡಿಮೆಗೆ 15 ದಿನದ ಸರಾಸರಿ ಸಂಬಳ ಪರಿಹಾರ. ಇಪ್ಪತ್ತು ವರ್ಷ ಕಲ್ಲಿನ ಪುಡಿ ಉಸಿರಾಡಿದವನಿಗೆ 300 ದಿನದ ಸಂಬಳ. ಇಲ್ಲಿ ಅದರ ಮೇಲೆ ವಿಶೇಷ ಪ್ಯಾಕೇಜು ಅಂತಲೂ ಕೊಟ್ಟರು, ಅದಕ್ಕಾಗಿಯೂ ಜನ ಅಲೆದರು. ಬಂದ ದುಡ್ಡು ಮಗಳ ಮದುವೆಗೆ, ಹಳೇ ಸಾಲಕ್ಕೆ, ಆಸ್ಪತ್ರೆಗೆ ಕರಗಿತು. ಕೋರ್ಟು ಕೇಸು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ, 2013ರಲ್ಲಿ ಜಾಗತಿಕ ಟೆಂಡರಿಗೆ ಒಪ್ಪಿಗೆ ಸಿಕ್ಕಿತು. ಟೆಂಡರು ಅನ್ನುವ ಮಾತನ್ನು ಕೇಳಿ ಕೇಳಿ ಲೈನಿನ ಮುದುಕರು ಮಣ್ಣಾದರು. ಗಣಿ ಮಾತ್ರ ತೆರೆಯಲಿಲ್ಲ.

ಮುಚ್ಚಿದ ಮೇಲೆ

ಗಣಿ ಅಂದರೆ ಬರೀ ಕೆಲಸ ಅಲ್ಲ. ಆ ಊರಿನ ಆಸ್ಪತ್ರೆ ಗಣಿಯದು. ಮನೆ ಗಣಿಯದು. ನಲ್ಲಿ ನೀರು ಗಣಿಯದು. ಸಂಬಳದ ದಿನ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ಹಬ್ಬ. ಸಂಬಳ ನಿಂತ ದಿನ ಬಟ್ಟೆ ಅಂಗಡಿಯವನು, ಟೀ ಅಂಗಡಿಯವನು, ಹೂ ಮಾರುವವಳು, ಟೈಲರು, ಸೈಕಲ್ ಷಾಪಿನವನು ಎಲ್ಲರೂ ಕೆಲಸ ಕಳೆದುಕೊಂಡರು. ಇವರ ಹೆಸರು ಯಾವ ಪರಿಹಾರದ ಪಟ್ಟಿಯಲ್ಲೂ ಇಲ್ಲ.

ಊರಿಗೆ ಉಳಿದದ್ದು ರೈಲು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು. ಬೆಳಕು ಹರಿಯುವ ಮುಂಚೆ ಸಾವಿರಾರು ಜನ ಬೋಗಿ ತುಂಬುತ್ತಾರೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಟ್ಟಡದ ಕೂಲಿಗಳು, ಸೆಕ್ಯುರಿಟಿ ಗಾರ್ಡುಗಳು, ಹೌಸ್‌ಕೀಪಿಂಗಿನವರು, ಆಸ್ಪತ್ರೆ ಆಯಾಗಳು, ಡಿಗ್ರಿ ಓದಿ ಕಾಲ್ ಸೆಂಟರಿನಲ್ಲಿ ಕೂರುವವರು. ದಿನಕ್ಕೆ ನಾಲ್ಕೈದು ಗಂಟೆ ಹಳಿಯ ಮೇಲೆ. ಎಂಟು ಗಂಟೆ ಪಾಳಿ ಅಂತ ನಮ್ಮ ತಾತಂದಿರು ಹೊಡೆದಾಡಿ ತಂದರಲ್ಲ, ಆ ಎಂಟು ಗಂಟೆ ಮೊಮ್ಮಕ್ಕಳಿಗೆ ಮತ್ತೆ ಹದಿನಾಲ್ಕಾಯಿತು. ಮಗು ಮಲಗಿದ್ದಾಗ ಹೋಗುವ ತಾಯಿ ಮಗು ಮಲಗಿದ ಮೇಲೆ ಬರುತ್ತಾಳೆ. ಆ ತಾಯಿಯ ಸಂಬಳ ಚೀಟಿ ನೋಡಿ: ಯಾವುದೋ ಗುತ್ತಿಗೆದಾರನ ಹೆಸರು. ಕಂಪನಿ ಯಾರದ್ದು ಅಂತ ಕೇಳಿದರೆ ಅವಳಿಗೇ ಸರಿಯಾಗಿ ಗೊತ್ತಿಲ್ಲ.

ರೈಲು ಹತ್ತಲಾಗದವರ ಕತೆ? 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ಹಸಿವಿನ ಕಾಲದಲ್ಲಿ, ಮುಚ್ಚಿದ ಗಣಿಗೆ ರಾತ್ರಿ ಇಳಿದ ಮೂವರು ಅಲ್ಲೇ ಸತ್ತರು. ಪೇಪರು ‘ಕಳ್ಳರು’ ಅಂತ ಬರೆಯಿತು. ಲಂಡನ್ನಿಗೆ ಹೋದ ಚಿನ್ನಕ್ಕೆ ವ್ಯಾಪಾರ ಅಂತ ಹೆಸರು, ನಮ್ಮವನು ಇಳಿದರೆ ಕಳ್ಳತನ.

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗಬೇಕು, ನಮಗಲ್ಲ, ಆಳಿದವರಿಗೆ. ಕಂಪನಿ ಲೈನುಗಳಲ್ಲಿ ಕಟ್ಟಿದ್ದು ಒಣ ಕಕ್ಕಸು. ಅದನ್ನು ಬಾಚಲು ನಮ್ಮಲ್ಲೇ ಒಂದು ಗುಂಪನ್ನು ಇಟ್ಟರು. ಮಲ ಬಾಚಿಸುವುದನ್ನು 1993ರ ಕಾನೂನು ನಿಷೇಧಿಸಿತು. ಕೆ.ಜಿ.ಎಫ್.ನಲ್ಲಿ ಆ ಕೆಲಸ ಆಮೇಲೂ ವರ್ಷಗಟ್ಟಲೆ ನಡೆಯಿತು. 2011ರಲ್ಲಿ ಮಲದ ಗುಂಡಿಗೆ ಇಳಿದು ಮೂವರು ಸತ್ತರು. ಚಿನ್ನದ ಗುಂಡಿ ಮುಚ್ಚಿದ ಮೇಲೆ ನಮ್ಮ ಜನಕ್ಕೆ ತೆರೆದೇ ಇದ್ದ ಗುಂಡಿ ಇದೊಂದೇ. ಗಣಿ ಮುಚ್ಚಿದರೆ ಜಾತಿ ಎಲ್ಲಿಂದ ಬರುತ್ತದೆ ಅಂತ ಮತ್ತೆ ಕೇಳುತ್ತೀರಾ?

ಬಿಸಿಲುಗಾಲದಲ್ಲಿ ಆ ಊರಿಗೆ ಹೋಗಿ ಬನ್ನಿ. ಸೈನೈಡ್ ಗುಡ್ಡ ಅಂತ ಕರೆಯುತ್ತಾರೆ. ಅದಿರಿನಿಂದ ಚಿನ್ನ ಹಿಂಡಿ ಬಿಸಾಕಿದ ಪುಡಿಯ ರಾಶಿ, ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಬೀಸಿದರೆ ಆ ಪುಡಿ ಲೈನಿನ ಮನೆಯೊಳಗೆ, ಅನ್ನದ ತಟ್ಟೆಯೊಳಗೆ. ಗಣಿಗೆ ಇಳಿಯದ ಹೆಂಗಸರು ಮಕ್ಕಳೂ ಕಲ್ಲಿನ ಪುಡಿ ಕುಡಿಯುತ್ತಿದ್ದಾರೆ. 2018ರಲ್ಲಿ, 2022ರಲ್ಲಿ ಈ ಊರಿನ ಹೆಸರಿಟ್ಟು ಸಿನಿಮಾ ಬಂತು, ಹಾಸ್ಟೆಲ್ಲಿನಲ್ಲಿ ನಾವೆಲ್ಲ ಸಿಳ್ಳೆ ಹೊಡೆದೆವು. ಹೊಡೆಯೋಣ, ತಪ್ಪಿಲ್ಲ. ಆದರೆ ಆ ಹೆಸರಿನಿಂದ ಬಂದ ಕೋಟಿಗಳಲ್ಲಿ ಒಂದು ಎಕ್ಸ್‌ರೇ ಮಿಷನ್ನಾದರೂ ಆ ಲೈನುಗಳಿಗೆ ಸಲ್ಲಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಹೊಳೆಯಿತು?

‘ಅವರು ತಮಿಳರು, ನಮಗೇನು?’

ಈ ಮಾತನ್ನೂ ಕೇಳಿದ್ದೇವೆ. ನಮ್ಮವರ ಬಾಯಲ್ಲೇ ಕೇಳಿದ್ದೇವೆ. 1880ರ ದಶಕದಲ್ಲಿ ಬಂದವನ ಮರಿಮಗನನ್ನು ‘ಹೊರಗಿನವನು’ ಅನ್ನುವವರು, ಮೊನ್ನೆ ಬಂದ ಬಂಡವಾಳಕ್ಕೆ ಹಾರ ಹಾಕಿ ಎಕರೆಗಟ್ಟಲೆ ಜಮೀನು ಕೊಡುತ್ತಾರೆ. ಬಂಡವಾಳಕ್ಕೆ ಭಾಷೆ ಕೇಳುವುದಿಲ್ಲ, ಬೆವರಿಗೆ ಮಾತ್ರ ಭಾಷೆ ಕೇಳುತ್ತಾರೆ. ನಾವು ಕನ್ನಡದ ಮಕ್ಕಳು, ಕನ್ನಡದಲ್ಲೇ ಬರೆಯುತ್ತೇವೆ, ಕನ್ನಡದಲ್ಲೇ ಕೂಗುತ್ತೇವೆ. ಆದರೆ ಊರ ಹೊರಗಿನ ಕೇರಿಗೆ ತಮಿಳಿನಲ್ಲಿ ಚೇರಿ ಅಂತಾರೆ. ಒಂದಕ್ಷರದ ವ್ಯತ್ಯಾಸ. ಬಾವಿ ಮುಟ್ಟಿದರೆ ಬೀಳುವ ಏಟಿಗೆ ಆ ವ್ಯತ್ಯಾಸವೂ ಇಲ್ಲ.

ಯೂನಿಯನ್ನುಗಳ ಬಗ್ಗೆಯೂ ಒಂದು ಮಾತು. ಕೆಂಪು ಬಾವುಟದ ಸಂಗಾತಿಗಳು ಆ ಊರಲ್ಲಿ ಪ್ರಾಣ ಕೊಟ್ಟಿದ್ದಾರೆ, ಅದಕ್ಕೆ ತಲೆಬಾಗುತ್ತೇವೆ. ಆದರೆ ಎಷ್ಟೋ ಕಡೆ ಯೂನಿಯನ್ನಿಗೆ ಕಂಡದ್ದು ಬರೀ ಕೂಲಿ, ಕೇರಿ ಕಾಣಲಿಲ್ಲ. ನಮ್ಮ ಸಂಘಗಳಿಗೆ ಕಂಡದ್ದು ಬರೀ ಕೇರಿ, ಕಾರ್ಖಾನೆಯ ಗೇಟು ಕಾಣಲಿಲ್ಲ. ಒಬ್ಬರು ಸಂಬಳ ಕೇಳುತ್ತ ನಿಂತರು, ಇನ್ನೊಬ್ಬರು ಸ್ಕಾಲರ್‌ಶಿಪ್ ಕೇಳುತ್ತ ನಿಂತರು. ನಡುವೆ ಇದ್ದ ದಾರಿಯಲ್ಲಿ ಸರ್ಕಾರ ಬೀಗ ಹಿಡಿದು ನಡೆದು ಹೋಯಿತು.

ಹಾಸ್ಟೆಲ್ಲಿಗೂ ಗಣಿಗೂ ಏನು ಸಂಬಂಧ?

ಗೆಳೆಯರೆ, ಇದನ್ನು ಗಮನ ಕೊಟ್ಟು ಓದಿ. ನಾವು ಹಾಸ್ಟೆಲ್ಲಿನ ಅರೆಬೆಂದ ಅನ್ನ ತಿಂದು ಓದುವುದು ಯಾತಕ್ಕೆ? ಒಂದು ಕೆಲಸಕ್ಕೆ. ಕೆಲಸ ಎಲ್ಲಿದೆ? ಮೀಸಲಾತಿ ಇರುವಲ್ಲಿ. ಮೀಸಲಾತಿ ಎಲ್ಲಿದೆ? ಸರ್ಕಾರದಲ್ಲಿ, ಸರ್ಕಾರಿ ಕಂಪನಿಯಲ್ಲಿ. ಕೇಂದ್ರದ ಕಂಪನಿಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ 7.5 ಅಂತ ನಾವು ಬಾಯಿಪಾಠ ಮಾಡಿದ್ದೇವೆ. ಕಂಪನಿಯೇ ಇಲ್ಲವಾದರೆ ನೂರಕ್ಕೆ 15 ಎಷ್ಟು? ಸೊನ್ನೆಗೆ 15 ಎಷ್ಟು? ಲೆಕ್ಕ ಹಾಕಿ.

ಮೀಸಲಾತಿಯನ್ನು ತೆಗೆಯಬೇಕು ಅಂತ ಯಾವ ಪಕ್ಷವೂ ವೇದಿಕೆಯಲ್ಲಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಸಂವಿಧಾನದ ಒಂದಕ್ಷರ ಅಳಿಸದೆ ಮೀಸಲಾತಿಯನ್ನು ಮುಗಿಸುವ ದಾರಿ ಅವರಿಗೆ ಸಿಕ್ಕಿದೆ. ಕಾರ್ಖಾನೆ ಮುಚ್ಚು. ಮುಚ್ಚಲಾಗದ್ದನ್ನು ಮಾರು. ಮಾರಲಾಗದ್ದನ್ನು ಗುತ್ತಿಗೆಗೆ ಕೊಡು. ಗುತ್ತಿಗೆದಾರನ ಮಸ್ಟರ್ ಬುಕ್ಕಿನಲ್ಲಿ ರೋಸ್ಟರ್ ಇಲ್ಲ. ಅಲ್ಲಿ ನಮ್ಮವರಿಗೆ ನೂರಕ್ಕೆ ನೂರು ಮೀಸಲಾಗಿರುವುದು ಪೊರಕೆ ಮಾತ್ರ.

ಇನ್ನೂ ಕೇಳಿ. ನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಾಗಲಿ, ಗಣಿಯಾಗಲಿ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಬೇಕು ಅಂತ ಒಂದು ಕಾನೂನಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನೂರನ್ನು ಮುನ್ನೂರು ಮಾಡಿತು. ಅಂದರೆ ನಾಳೆ 299 ಜನರ ಕಾರ್ಖಾನೆಯ ಮಾಲೀಕ ಯಾರನ್ನೂ ಅನುಮತಿ ಕೇಳಬೇಕಾಗಿಲ್ಲ. ಆ 299 ಜನರಲ್ಲಿ ನಿಮ್ಮ ಅಪ್ಪನೋ ಅಕ್ಕನೋ ಇರಬಹುದು. ಅವರ ಸಂಬಳದಿಂದಲೇ ನಿಮ್ಮ ಪರೀಕ್ಷೆ ಫೀಜು ಬರುತ್ತಿರಬಹುದು. ಸಂಸತ್ತಿನಲ್ಲಿ ಇದು ನಡೆದ ದಿನ ನಮ್ಮ ಹಾಸ್ಟೆಲ್ಲುಗಳಲ್ಲಿ ಎಷ್ಟು ಕಡೆ ಸಭೆ ನಡೆಯಿತು?

ಈಗ ಮತ್ತೆ ಬಂದಿದ್ದಾರೆ

ಇಷ್ಟೆಲ್ಲ ಹಳೇ ಕತೆ ಯಾಕೆ ಅನ್ನಬೇಡಿ. 2024ರ ಜೂನಿನಲ್ಲಿ ಕರ್ನಾಟಕ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. ಸುಮಾರು 1,000 ಎಕರೆಯಲ್ಲಿ ಹರಡಿರುವ 13 ಸೈನೈಡ್ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಬಿಸಾಕಿದ ಪುಡಿಯಲ್ಲೂ ಚಿನ್ನ ಇದೆ, ಈಗಿನ ಬೆಲೆಗೆ ಅದೂ ಲಾಭ. ನೋಡಿದಿರಾ, ‘ಮುಗೀತು’ ಅಂದಿದ್ದ ಚಿನ್ನ ಮುಗಿದಿರಲಿಲ್ಲ. ಮುಗಿದದ್ದು ಕೆಲಸಗಾರರು.

ಗುಡ್ಡ ಕರಗಲಿ, ನಮಗೂ ಬೇಕು. ಆದರೆ ಈ ಸಲ ನಾವು ಕೇಳಿಯೇ ಕೇಳುತ್ತೇವೆ:

ಒಂದು. ಆ ಗುಡ್ಡಗಳ ಕೆಲಸ ಯಾರಿಗೆ? ಗಣಿ ಕಾರ್ಮಿಕರ ಮಕ್ಕಳಿಗೆ, ಲೈನಿನ ಜನಕ್ಕೆ ಮೊದಲ ಹಕ್ಕು ಇರಬೇಕು. ಗುತ್ತಿಗೆ ಹೆಸರಲ್ಲಿ ರೋಸ್ಟರ್ ತಪ್ಪಿಸಬಾರದು. ಕಾವಲುಗಾರನಿಂದ ಇಂಜಿನಿಯರಿನ ತನಕ ಮೀಸಲಾತಿ ನಡೆಯಬೇಕು.

ಎರಡು. ಪುಡಿ ಕೆದಕುವ ಮೊದಲು ಆ ಊರಿನ ಪ್ರತಿಯೊಬ್ಬರ ಎದೆ ತಪಾಸಣೆ ಆಗಬೇಕು. 1940ರ ದಶಕದಲ್ಲಿ ಬಿಳಿಯರ ಕಂಪನಿಯ ಕಾಲದಲ್ಲಿ ಮಾಡಿದ್ದನ್ನು ನಮ್ಮದೇ ಸರ್ಕಾರ ಮಾಡಲಾಗದೆ?

ಮೂರು. ಲೈನ್ ಮನೆಗಳ ಹಕ್ಕುಪತ್ರದ ಮಾತು ದಶಕಗಟ್ಟಲೆ ಎಳೆದಾಡಿದೆ. ಅಲ್ಲಿ ಹುಟ್ಟಿ ಅಲ್ಲೇ ಮುದುಕರಾದವರ ಕೈಗೆ ಕಾಗದ ಸಿಗದೆ ಒಂದು ಎಕರೆಯೂ ಬೇರೆಯವರ ಕೈಗೆ ಹೋಗಬಾರದು.

ನಾಲ್ಕು. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಿದವರು ಜೈಲಿಗೆ ಹೋಗಬೇಕು. ಇಳಿಯುತ್ತಿದ್ದವರ ಮನೆಗೆ ಬೇರೆ ಕೆಲಸ ಹೋಗಬೇಕು.

ಇವು ಭಿಕ್ಷೆ ಅಲ್ಲ. 800 ಟನ್ನಿನ ಬಾಕಿ.

ನಾವು ಮಾಡಬೇಕಾದ್ದು

ಕೆ.ಜಿ.ಎಫ್. ಒಂದೇ ಅಲ್ಲ. ದಾವಣಗೆರೆಯ ಹತ್ತಿ ಗಿರಣಿಗಳ ಚಿಮಣಿ ನೋಡಿ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗ ನೋಡಿ. ನಿಮ್ಮ ಹಾಸ್ಟೆಲ್ ಇರುವ ಊರಲ್ಲೂ ಬೀಗ ಬಿದ್ದ ಒಂದು ಗೇಟು ಇದ್ದೇ ಇರುತ್ತದೆ. ಮುಂದಿನ ರಜೆಯಲ್ಲಿ ನಾಲ್ಕೈದು ಜನ ಒಂದು ನೋಟ್‌ಬುಕ್ಕು ಹಿಡಿದು ಆ ಗೇಟಿನ ಹತ್ತಿರದ ಕೇರಿಗೆ ಹೋಗಿ. ‘ಅಣ್ಣಾ, ತಾತಾ, ಅವ್ವಾ’ ಅಂತ ಮಾತಾಡಿಸಿ. ಐದು ಪ್ರಶ್ನೆ ಕೇಳಿ. ಇಲ್ಲಿ ನಮ್ಮವರು ಎಷ್ಟು ಜನ ಇದ್ದರು, ಯಾವ ಯಾವ ಕೆಲಸದಲ್ಲಿದ್ದರು? ಮುಚ್ಚಿದಾಗ ಕೈಗೆ ಎಷ್ಟು ಬಂತು? ಮುಚ್ಚಿದ ವರ್ಷ ಎಷ್ಟು ಮಕ್ಕಳು ಸ್ಕೂಲು ಬಿಟ್ಟರು? ಈಗ ಮನೆಯವರು ಏನು ಕೆಲಸ ಮಾಡುತ್ತಾರೆ? ಆ ಜಾಗ ಈಗ ಯಾರ ಹೆಸರಲ್ಲಿದೆ?

ಬರೆದುಕೊಂಡು ಬನ್ನಿ. ಅವರು ಹೇಳಿದ ಭಾಷೆಯಲ್ಲೇ ಬರೆಯಿರಿ, ಬಣ್ಣ ಹಚ್ಚಬೇಡಿ. ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಎಲ್ಲರ ಮುಂದೆ ಓದಿ. ಆಮೇಲೆ ಕಾರ್ಮಿಕ ಇಲಾಖೆಗೆ, ಜಿಲ್ಲಾಧಿಕಾರಿಗೆ ಅರ್ಜಿ ಬರೆಯಿರಿ, ಮಾಹಿತಿ ಹಕ್ಕು ಇದೆ, ಹತ್ತು ರೂಪಾಯಿ ಫೀಜು ಕಟ್ಟಿ ಕೇಳಿ. ಯೂನಿಯನ್ ಆಫೀಸಿನ ಬಾಗಿಲು ತಟ್ಟಿ. ಅವರು ತೆರೆಯದಿದ್ದರೆ ಮತ್ತೆ ತಟ್ಟಿ. ಅವರಿಗೆ ಕೇರಿ ತೋರಿಸೋಣ, ಅವರು ನಮಗೆ ಗೇಟು ತೋರಿಸಲಿ.

ನಮ್ಮ ತಾತಂದಿರು ದೀಪ ಹಿಡಿದು 3 ಕಿಲೋಮೀಟರು ಕೆಳಕ್ಕೆ ಇಳಿದರು, ಇನ್ನೊಬ್ಬರಿಗೆ ಚಿನ್ನ ತಂದುಕೊಟ್ಟರು. ನಾವು ಇಳಿಯಬೇಕಾದದ್ದು ಅಷ್ಟು ಆಳಕ್ಕಲ್ಲ. ಹಾಸ್ಟೆಲ್ಲಿನ ಮಹಡಿಯಿಂದ ಬೀದಿಗೆ. ಇಳಿಯೋಣ.

ಜೈ ಭೀಮ್!